300 ಕಿಲೋ ಗಾಡಿಗೆ ಬ್ರೇಕ್ ಹೊಂದಿಸಿದ್ದು

ಸಾಮಾನು ಹೊರುವ ನನ್ನ ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿಯ ಮೊದಲ ಬ್ರೇಕ್ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತಿತ್ತು. ಅದನ್ನು ನಂಬಿಕೊಂಡು ಇಳಿಜಾರಿಗೆ ಹೋದದ್ದು ನನ್ನ ತಪ್ಪು.

ಗಾಡಿ ಹೀಗಿದೆ: ಮುಂದೆ 20 ಇಂಚಿನ ಎರಡು ಚಕ್ರ, ಅವುಗಳ ನಡುವೆ ಸಾಮಾನಿನ ಪೆಟ್ಟಿಗೆ, ಹಿಂದೆ ಒಂದು ಚಕ್ರ, ಅದರ ನಡುವಿನಲ್ಲೇ (ಹಬ್‌ನಲ್ಲಿ) ಕೂತಿರುವ ಹಬ್ ಮೋಟಾರ್. ಬ್ಯಾಟರಿ ಸೇರಿ ಗಾಡಿಯೇ 90 ಕಿಲೋ. ನಾನು 70. ಪೂರ್ತಿ ಲೋಡ್ ಅಂದರೆ 140. ಒಟ್ಟು 300 ಕಿಲೋ ಆಯಿತಲ್ಲ, ಅಂದರೆ ಸವಾರನ ಸಮೇತ ಒಂದು ಸ್ಕೂಟರ್‌ಗಿಂತಲೂ ಜಾಸ್ತಿ. ಇಷ್ಟು ಭಾರಕ್ಕೆ ನಾನು ಹಾಕಿದ್ದು ಸೈಕಲ್ಲಿನ ಕೇಬಲ್ ಡಿಸ್ಕ್ ಬ್ರೇಕ್. 160 ಮಿಲಿಮೀಟರ್ ರೋಟರ್ (ಚಕ್ರದ ಜೊತೆ ತಿರುಗುವ ಸ್ಟೀಲ್ ತಟ್ಟೆ), ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯಲು ಮಾಮೂಲಿ ರೆಸಿನ್ (ರಾಳದ) ಪ್ಯಾಡ್. ಒಂದೇ ಲಿವರ್‌ನಿಂದ ಎರಡು ಕೇಬಲ್ ಎಳೆದು ಮುಂದಿನ ಎರಡೂ ಚಕ್ರಕ್ಕೆ ಕೊಟ್ಟಿದ್ದೆ.

ಮೊದಲ ಸಲ ಪೂರ್ತಿ ಲೋಡ್ ಹಾಕಿ ಒಂದು ಕಿಲೋಮೀಟರ್ ಉದ್ದದ ಇಳಿಜಾರು ಇಳಿದೆ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಇನ್ನೊಂದಿಷ್ಟು ದೂರಕ್ಕೆ ಲಿವರ್ ಹಿಡಿಗೇ ತಾಗುವಷ್ಟು ಎಳೆದರೂ ಗಾಡಿ ವೇಗ ಹೆಚ್ಚಿಸಿಕೊಳ್ಳುತ್ತಲೇ ಇತ್ತು. ಪುಣ್ಯಕ್ಕೆ ಎಡಗಡೆ ಏರು ಇರುವ ಮಣ್ಣಿನ ದಾರಿಯೊಂದು ಸಿಕ್ಕಿತು. ಅದಕ್ಕೆ ತಿರುಗಿಸಿದ ಮೇಲೆ ಗಾಡಿ ತಾನಾಗಿ ನಿಂತಿತು. ಕೆಳಗಿಳಿದು ನೋಡಿದರೆ ರೋಟರ್ ನೀಲಿ ಬಣ್ಣಕ್ಕೆ ತಿರುಗಿತ್ತು. ಪ್ಯಾಡ್ ಬಿಚ್ಚಿದಾಗ ಅದರ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಮೊದಲೇ ಮಾಡಬೇಕಿತ್ತು ಅನ್ನಿ. 25 ಕಿಲೋಮೀಟರ್ ವೇಗದಲ್ಲಿ ಹೋಗುವ 300 ಕಿಲೋ ಗಾಡಿಯನ್ನು ನಿಲ್ಲಿಸಿದರೆ ಸುಮಾರು 7,200 ಜೂಲ್ ಶಾಖ ಹುಟ್ಟುತ್ತದೆ. 200 ಗ್ರಾಂ ತೂಗುವ ಎರಡು ಸ್ಟೀಲ್ ರೋಟರ್ ಅದನ್ನು ಹಂಚಿಕೊಂಡರೆ ಒಂದೊಂದೂ 35 ಡಿಗ್ರಿಯಷ್ಟು ಬಿಸಿಯಾಗಬಹುದು, ಅಷ್ಟೇ. ಅದು ಏನೂ ಅಲ್ಲ. ಈಗ ಇಳಿಜಾರು ನೋಡಿ. ನೂರು ಮೀಟರಿಗೆ ಎಂಟು ಮೀಟರ್ ಇಳಿಯುವ ರಸ್ತೆಯಲ್ಲಿ ವೇಗವನ್ನು 20ಕ್ಕೆ ಹಿಡಿದಿಡಲು, ಗಾಳಿ ಮತ್ತು ಟೈರ್ ತಿಂದುಹಾಕುವುದನ್ನು ಕಳೆದರೂ, ಬ್ರೇಕ್ ಸುಮಾರು 1,000 ವ್ಯಾಟ್ ತಡೆಯಬೇಕು. ಇಸ್ತ್ರಿ ಪೆಟ್ಟಿಗೆಯೊಂದನ್ನು ಮೂರು ನಿಮಿಷ ಆರಿಸದೆ ಆ ಎರಡು ತಟ್ಟೆಗಳ ಮೇಲೆ ಇಟ್ಟ ಹಾಗೆ. ಒಂದು ಕಿಲೋಮೀಟರಿಗೆ ಸೇರುವ ಶಾಖ, ಒಂದು ಸಲ ಗಾಡಿ ನಿಲ್ಲಿಸುವಾಗ ಹುಟ್ಟುವುದಕ್ಕಿಂತ 25 ಪಟ್ಟು ಹೆಚ್ಚು.

ಅಲ್ಲಿಯವರೆಗೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ, ‘ಯಾವ ಬ್ರೇಕ್ ಜೋರಾಗಿ ಹಿಡಿಯುತ್ತದೆ?’ ಆಮೇಲೆ ಅದನ್ನು ಎರಡು ಮಾಡಿಕೊಂಡೆ. ತಟ್ಟನೆ ನಿಲ್ಲಿಸುವುದು ಯಾರು? ಇಳಿಜಾರಿನಲ್ಲಿ ಶಾಖ ಹೊರುವುದು ಯಾರು? ಎರಡಕ್ಕೂ ಒಂದೇ ಉತ್ತರ ಇರಬೇಕೆಂದೇನಿಲ್ಲ.

ಮೊದಲನೆಯದನ್ನು ನೋಡೋಣ. ಹಿಡಿತದ ವಿಷಯದಲ್ಲಿ ಸಣ್ಣ ಚಕ್ರ ನಮ್ಮ ಪರ. 20 ಇಂಚಿನ ಚಕ್ರದಲ್ಲಿ 160ರ ರೋಟರ್ ಕೊಡುವ ಹಿಡಿತವೂ 26 ಇಂಚಿನ ಚಕ್ರದಲ್ಲಿ 203ರ ರೋಟರ್ ಕೊಡುವ ಹಿಡಿತವೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಸಮತಟ್ಟಿನಲ್ಲಿ ನನಗೆ ಕೊರತೆ ಕಾಣಿಸಿರಲಿಲ್ಲ. ಆದರೆ ಶಾಖಕ್ಕೆ ಚಕ್ರದ ಅಳತೆ ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾದ್ದು ಲೋಹ. ಹಾಗಾಗಿ ಮುಂದಿನ ಚಕ್ರಗಳಿಗೆ 203ರ ರೋಟರ್ ಆರಿಸಿದೆ, ಅದೂ ಮಾಮೂಲಿ 1.8 ಮಿಲಿಮೀಟರ್ ದಪ್ಪದ್ದಲ್ಲ, 2.3ರದ್ದು. ದಪ್ಪ ರೋಟರ್ ಕೊಳ್ಳುವ ಮುಂಚೆ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಹಿಡಿದು ಒತ್ತುವ ಭಾಗ, ಅದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ. 1.8ಕ್ಕೆ ಮಾಡಿದ ಕ್ಯಾಲಿಪರ್‌ನಲ್ಲಿ ಇದು ಸದಾ ಉಜ್ಜುತ್ತಿರುತ್ತದೆ.

ಮುಂದಿನದು ಲಿವರ್ ವಿಷಯ. ನಾನು ಅತಿ ಹೆಚ್ಚು ಎಡವಿದ್ದು ಇಲ್ಲೇ. ಒಂದು ಲಿವರ್ ಎರಡು ಕೇಬಲ್ ಎಳೆದರೆ ಕೈಯ ಬಲ ಅರ್ಧರ್ಧ ಹಂಚಿಹೋಗುತ್ತದೆ. ಜೊತೆಗೆ ಒಂದು ಕೇಬಲ್ ಸ್ವಲ್ಪ ಸಡಿಲವಾದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್‌ನಲ್ಲಿ ಈ ತೊಂದರೆ ಇಲ್ಲ. ಒಂದು ಹೋಸ್ ಉದ್ದ, ಇನ್ನೊಂದು ಗಿಡ್ಡ ಇದ್ದರೂ ಆಯಿಲ್‌ನ ಒತ್ತಡ ಎರಡೂ ಕಡೆ ಸಮ. ಹಾಗಂತ ನಾಲ್ಕು ಪಿಸ್ಟನ್‌ನ (ಆಯಿಲ್ ಒತ್ತಡಕ್ಕೆ ಪ್ಯಾಡನ್ನು ತಳ್ಳುವುದು ಪಿಸ್ಟನ್) ಎರಡು ದೊಡ್ಡ ಕ್ಯಾಲಿಪರ್ ತಂದೆ. ಟಿ ಆಕಾರದ ಜೋಡಣೆ ಹಾಕಿ ಒಂದು ಸಾಮಾನ್ಯ ಲಿವರ್‌ಗೆ ಸೇರಿಸಿದೆ. ಎರಡು ದಿನ ಕೂತು ಹೋಸ್‌ನೊಳಗೆ ಸೇರಿದ್ದ ಗಾಳಿ ತೆಗೆದೆ. ಆದರೂ ಲಿವರ್ ಹಿಡಿಗೆ ಬಡಿಯುತ್ತಿತ್ತು. ಮೂರನೆಯ ದಿನ ಹೊಳೆಯಿತು, ಅಲ್ಲಿ ಗಾಳಿಯೇ ಇರಲಿಲ್ಲ! ಒಂದು ಕ್ಯಾಲಿಪರ್‌ಗೆ ಆಗುವಷ್ಟು ಆಯಿಲ್ ತಳ್ಳಲು ಮಾಡಿದ ಲಿವರ್ ಅದು. ಎರಡಕ್ಕೆ ತಳ್ಳಬೇಕಾದರೆ ಎರಡರಷ್ಟು ದೂರ ಚಲಿಸಲೇಬೇಕು. ಅಷ್ಟು ಜಾಗ ಲಿವರ್‌ನಲ್ಲಿ ಇರಲಿಲ್ಲ, ಅಷ್ಟೇ.

ಕೊನೆಗೆ ಹಾಕಿದ್ದು, ಮೂರು ಚಕ್ರದ ಗಾಡಿಗೆಂದೇ ಮಾಡಿರುವ, ಒಂದೇ ಲಿವರ್‌ನಿಂದ ಎರಡು ಹೋಸ್ ಹೊರಡುವ ಸೆಟ್. ಅದರ ಕ್ಯಾಲಿಪರ್‌ನಲ್ಲಿ ಎರಡೇ ಪಿಸ್ಟನ್. ಹೇಳಿಕೊಳ್ಳಲು ಅಷ್ಟೇನೂ ಜೋರಿಲ್ಲ. ಆದರೆ ಲಿವರ್ ಮತ್ತು ಕ್ಯಾಲಿಪರ್ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದ್ದರಿಂದ ಎರಡು ಬೆರಳಲ್ಲಿ ಕೆಲಸ ಆಗುತ್ತದೆ. ಆ ನಾಲ್ಕು ಪಿಸ್ಟನ್‌ನವು ಈಗಲೂ ಡಬ್ಬದಲ್ಲಿ ಮಲಗಿವೆ.

ಜೋಡಿಸುವಾಗ ಇನ್ನೊಂದು ವಿಷಯ ತಲೆಗೆ ಬಂತು. ಸೈಕಲ್ಲಿನ ಡಿಸ್ಕ್ ಸಾಮಾನ್ಯವಾಗಿ ಚಕ್ರದ ಎಡಗಡೆ ಇರುತ್ತದೆ. ನನ್ನ ಗಾಡಿಯಲ್ಲಿ ಎರಡೂ ಡಿಸ್ಕ್ ಒಳಮುಖವಾಗಿವೆ. ಅಂದರೆ ಬಲ ಚಕ್ರದ್ದು ಮಾಮೂಲಿ ಪ್ರಕಾರ, ಎಡ ಚಕ್ರದ್ದು ಕನ್ನಡಿಯಲ್ಲಿ ನೋಡಿದ ಹಾಗೆ. ರೋಟರ್ ಮೇಲೆ ತಿರುಗುವ ದಿಕ್ಕಿನ ಬಾಣ ಇರುತ್ತದೆ. ಅದನ್ನು ನೋಡಿಕೊಂಡು ಎಡಗಡೆಯದನ್ನು ತಿರುಗಿಸಿ ಹಾಕಬೇಕು. ಕ್ಯಾಲಿಪರ್‌ನಲ್ಲಿ ಸಣ್ಣ ಪಿಸ್ಟನ್, ದೊಡ್ಡ ಪಿಸ್ಟನ್ ಎಂದು ಭೇದ ಇದ್ದರೆ ಅದಕ್ಕೂ ದಿಕ್ಕು ಇರುತ್ತದೆ. ನನ್ನದರಲ್ಲಿ ಎರಡೂ ಒಂದೇ ಅಳತೆ, ಬಚಾವಾದೆ.

ಪ್ಯಾಡ್ ಸಿಂಟರ್ಡ್ ಹಾಕಿದೆ, ಅಂದರೆ ಲೋಹದ ಪುಡಿ ಬೆಸೆದು ಮಾಡಿದ್ದು. ಬಿಸಿಗೆ ಬೇಗ ಜಗ್ಗುವುದಿಲ್ಲ. ಮಳೆಯಲ್ಲಿ ಕಿರುಚುತ್ತದೆ, ಕಿರುಚಲಿ. ರೋಟರ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಸಿಂಟರ್ಡ್ ಹಾಕಬೇಡಿ, ರೋಟರ್ ಬೇಗ ಸವೆಯುತ್ತದೆ. ಆಯಿಲ್ ಕೂಡ ಅಷ್ಟೇ. ಮಿನರಲ್ ಆಯಿಲ್‌ನ ಬ್ರೇಕ್‌ಗೆ ಡಾಟ್ ಫ್ಲೂಯಿಡ್ (ಬೇರೆ ಜಾತಿಯ ಬ್ರೇಕ್ ದ್ರವ) ಸುರಿದರೆ ಒಳಗಿನ ಸೀಲ್ ಹಾಳಾಗುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಅದು ರೋಟರ್‌ಗೆ ಹೊಂದಿಕೊಳ್ಳಲಿ ಎಂದು 25ರ ವೇಗದಿಂದ ನಡಿಗೆಯ ವೇಗಕ್ಕೆ 30 ಸಲ ಇಳಿಸಿದೆ, ಪೂರ್ತಿ ನಿಲ್ಲಿಸದೆ. ಮೊದಲ ಐದಾರು ಸಲ ಹಿಡಿತವೇ ಇರಲಿಲ್ಲ. ಹದಿನೈದರ ಹೊತ್ತಿಗೆ ಕಚ್ಚಲು ಶುರುವಾಯಿತು.

ಇನ್ನು ಶಾಖ ಹೊರುವ ಕೆಲಸ. ಅದನ್ನು ಮೋಟಾರ್‌ಗೆ ಕೊಟ್ಟೆ. ನನ್ನದು ಗೇರ್ ಇಲ್ಲದ ಡೈರೆಕ್ಟ್ ಡ್ರೈವ್ ಹಬ್. ಕಂಟ್ರೋಲರ್‌ನಲ್ಲಿ (ಮೋಟಾರ್‌ನ ಕರೆಂಟ್ ನಿಯಂತ್ರಿಸುವ ಪೆಟ್ಟಿಗೆ) ರೀಜನ್ ಚಾಲೂ ಮಾಡಿದರೆ ಇಳಿಜಾರಿನಲ್ಲಿ ಅದೇ ಡೈನಮೋ ಆಗಿ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಒಳಗೆ ಫ್ರೀವೀಲ್ (ಚಕ್ರ ತಿರುಗಿದರೂ ಮೋಟಾರನ್ನು ತಿರುಗಿಸದೆ ಬಿಡುವ ಭಾಗ) ಇರುವ ಗೇರ್ ಹಬ್‌ನಲ್ಲಿ ಇದು ಆಗದ ಮಾತು. ನಾನು 12 ಆಂಪಿಯರ್‌ಗೆ ಇಟ್ಟಿದ್ದೇನೆ, ನನ್ನ ಬ್ಯಾಟರಿ ಚಾರ್ಜ್ ಆಗುವಾಗ ತಡೆಯುವುದು ಅಷ್ಟೇ. 50 ವೋಲ್ಟ್‌ಗೆ ಅದು 600 ವ್ಯಾಟ್ ಆಯಿತು. ಆ ಇಸ್ತ್ರಿ ಪೆಟ್ಟಿಗೆಯ ಅರ್ಧಕ್ಕಿಂತ ಜಾಸ್ತಿ ಪಾಲು ಡಿಸ್ಕ್‌ಗೆ ಹೋಗುವುದೇ ಇಲ್ಲ. ಕರೆಂಟ್ ಉಳಿಯುತ್ತದೆ ಅಂತ ಮಾತ್ರ ಇದನ್ನು ಹಾಕಬೇಡಿ. ಆ ಒಂದು ಕಿಲೋಮೀಟರ್ ಇಳಿದರೆ ಬ್ಯಾಟರಿಗೆ ವಾಪಸ್ ಬರುವುದು ಹೆಚ್ಚೆಂದರೆ 30 ವ್ಯಾಟ್ ಅವರ್. ನನಗೆ ಲಾಭ ಆದದ್ದು ತಣ್ಣಗಿರುವ ರೋಟರ್‌ನಿಂದ.

ರೀಜನ್‌ಗೆ ಎರಡು ಷರತ್ತು ಇವೆ. ಬ್ಯಾಟರಿ ತುಂಬಿದ್ದರೆ ಅದು ಚಾರ್ಜ್ ತೆಗೆದುಕೊಳ್ಳುವುದಿಲ್ಲ, ರೀಜನ್ ನಿಂತೇ ಹೋಗುತ್ತದೆ. ಅದೂ ಬೆಟ್ಟದ ತುದಿಯಲ್ಲಿ, ಡಿಸ್ಕ್‌ಗೆ ಸಹಾಯ ಬೇಕಾದಾಗಲೇ. ಹಾಗಾಗಿ ಇಳಿಜಾರಿನಿಂದಲೇ ಶುರುವಾಗುವ ದಿನ ನಾನು 85 ಪರ್ಸೆಂಟ್‌ಗೇ ಚಾರ್ಜರ್ ಕಿತ್ತುಬಿಡುತ್ತೇನೆ. ಇನ್ನೊಂದು, ಮೋಟಾರ್ ತಳ್ಳುವಾಗ ಆಕ್ಸಲ್ ಒಂದು ಕಡೆಗೆ ತಿರುಚಲು ನೋಡುತ್ತದೆ, ರೀಜನ್‌ನಲ್ಲಿ ಅದಕ್ಕೆ ವಿರುದ್ಧ. ಹೀಗೆ ಹಿಂದೆ ಮುಂದೆ ಅಲ್ಲಾಡಿ ನಟ್ ಸಡಿಲವಾಗುತ್ತದೆ. ನನಗೆ ಎರಡೇ ವಾರದಲ್ಲಿ ಕಾಲು ಸುತ್ತು ಬಿಟ್ಟುಕೊಂಡಿತ್ತು. ಈಗ ಎರಡೂ ಪಕ್ಕ ಟಾರ್ಕ್ ಆರ್ಮ್, ಅಂದರೆ ಆಕ್ಸಲ್ ತಿರುಚದಂತೆ ಫ್ರೇಮಿಗೆ ಹಿಡಿದಿಡುವ ಪಟ್ಟಿ, ಇದೆ.

ಲಿವರ್ ಮುಟ್ಟಿದ ತಕ್ಷಣ ಮೋಟಾರ್ ಆಫ್ ಆಗುವ ಸ್ವಿಚ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದಿಲ್ಲದೆ ರಸ್ತೆಗಿಳಿಯಬೇಡಿ.

ಹಿಂದಿನ ಬ್ರೇಕ್‌ಗೆ ಏನು ಹಾಕುವುದು ಎಂದು ತೀರ್ಮಾನಿಸಲು ಮನೆಯ ತೂಕದ ಯಂತ್ರ ಸಾಕಾಯಿತು. ಪೂರ್ತಿ ಲೋಡ್ ಹಾಕಿ, ಮುಂದಿನ ಚಕ್ರಗಳ ಅಡಿಗೆ ಅಷ್ಟೇ ಎತ್ತರದ ಹಲಗೆ ಕೊಟ್ಟು, ಹಿಂದಿನ ಚಕ್ರವನ್ನು ಯಂತ್ರದ ಮೇಲೆ ನಿಲ್ಲಿಸಿ, ನಾನು ಸೀಟಿನಲ್ಲಿ ಕೂತೆ. ಬಂದದ್ದು 95 ಕಿಲೋ. ಉಳಿದ 205 ಮುಂದೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಭಾರ ಇನ್ನೂ ಮುಂದಕ್ಕೆ ವಾಲುತ್ತದೆ. ನನ್ನ ಗಾಡಿಯ ಉದ್ದ, ಭಾರದ ಎತ್ತರ ಹಿಡಿದು ಲೆಕ್ಕ ಹಾಕಿದರೆ 75 ಕಿಲೋದಷ್ಟು. ಹಿಂದೆ ಉಳಿಯುವುದು 20. ಅಲ್ಲಿ ಎಂಥ ದುಬಾರಿ ಬ್ರೇಕ್ ಹಾಕಿದರೂ ಚಕ್ರ ಜಾರುತ್ತದೆ, ಅಷ್ಟೇ. ಹಾಗಾಗಿ ಹಿಂದೆ ಹಳೆಯ ಕೇಬಲ್ ಡಿಸ್ಕನ್ನೇ ಉಳಿಸಿಕೊಂಡೆ. ಲಾಕ್ ಆಗುವ ಲಿವರ್ ಹಾಕಿದ್ದರಿಂದ ಪಾರ್ಕಿಂಗ್ ಬ್ರೇಕ್ ಕೂಡ ಅದೇ. ಹೈಡ್ರಾಲಿಕ್ ಲಿವರ್ ಕಟ್ಟಿಟ್ಟು ಗಾಡಿ ಬಿಟ್ಟುಹೋಗುವುದು ನನಗೆ ಇಷ್ಟವಿಲ್ಲ. ಸ್ವಲ್ಪ ಸೋರಿದರೂ ಹಿಡಿತ ಹೋಗುತ್ತದೆ. ಕಡಿದಾದ ಜಾಗದಲ್ಲಿ ಕೇಬಲ್ ಲಾಕನ್ನೂ ನಂಬದೆ ಮುಂದಿನ ಚಕ್ರಕ್ಕೆ ಮರದ ತುಂಡು ಕೊಡುತ್ತೇನೆ. ಗಾಡಿ ಹಿಂದುಮುಂದಾಗಿ ಕಟ್ಟಿದ್ದರೆ, ಅಂದರೆ ಲೋಡ್ ಹಿಂದಿನ ಎರಡು ಚಕ್ರಗಳ ಮೇಲಿದ್ದರೆ, ಈ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕು. ನಿಂತಾಗ ಹಗುರವಾಗಿರುವುದು ಮುಂದಿನ ಒಂಟಿ ಚಕ್ರ, ಆದರೆ ಬ್ರೇಕ್ ಹಿಡಿದಾಗ ಭಾರ ಆಗಲೂ ಮುಂದಕ್ಕೇ ವಾಲುತ್ತದೆ, ಹಾಗಾಗಿ ಒಳ್ಳೆಯ ಬ್ರೇಕ್ ಹಿಂದೆಯೂ ಬೇಕು.

ಎಲ್ಲ ಜೋಡಿಸಿದ ಮೇಲೆ 140 ಕಿಲೋ ಮರಳಿನ ಚೀಲ ತುಂಬಿ, ನೆಲಕ್ಕೆ ಸುಣ್ಣದ ಗೆರೆ ಎಳೆದು ಪರೀಕ್ಷೆ ಮಾಡಿದೆ. 25ರ ವೇಗದಿಂದ ಹಳೆಯ ಬ್ರೇಕ್‌ಗೆ 11 ಮೀಟರ್ ಬೇಕಾಗುತ್ತಿತ್ತು. ಈಗ ಆರೂವರೆ. ಅದೇ ಇಳಿಜಾರಿನಲ್ಲಿ ಸತತ ಮೂರು ಸಲ ಇಳಿದೆ. ಲಿವರ್ ಮೊದಲು ಎಲ್ಲಿತ್ತೋ ಕೊನೆಗೂ ಅಲ್ಲೇ ಇತ್ತು.

ಒಂದು ದೌರ್ಬಲ್ಯ ಉಳಿದಿದೆ. ಮುಂದಿನ ಎರಡೂ ಕ್ಯಾಲಿಪರ್ ಒಂದೇ ಲಿವರ್‌ಗೆ ಸೇರಿವೆ. ಒಂದು ಹೋಸ್ ಕಿತ್ತರೂ ಎರಡೂ ಹೋದ ಹಾಗೆಯೇ. ಎಡ ಲಿವರ್ ಎಡ ಚಕ್ರಕ್ಕೆ, ಬಲ ಲಿವರ್ ಬಲ ಚಕ್ರಕ್ಕೆ ಎಂದು ಬೇರೆ ಬೇರೆ ಕೊಡುವವರೂ ಇದ್ದಾರೆ. ಅದನ್ನೂ ಒಂದು ವಾರ ಓಡಿಸಿ ನೋಡಿದೆ. ತಿರುವಿಗೆ ಕೈ ತೋರಿಸುವಾಗ ಒಂದೇ ಲಿವರ್ ಹಿಡಿದರೆ ಹ್ಯಾಂಡಲ್ ಆ ಕಡೆಗೆ ಜಗ್ಗುತ್ತದೆ. ಲೋಡ್ ಇರುವಾಗ ಆ ಜಗ್ಗಾಟ ನನಗೆ ಸರಿಬರಲಿಲ್ಲ, ಬಿಚ್ಚಿ ಹಾಕಿದೆ. ಅದರ ಬದಲು ಮುಂದಿನ ಬ್ರೇಕ್ ಇಲ್ಲವೆಂದುಕೊಂಡು ಬರೀ ಹಿಂದಿನದರಲ್ಲಿ ನಿಲ್ಲಿಸಿ ಅಳೆದೆ. 25ರಿಂದ 16 ಮೀಟರ್, 20ರಿಂದ 10. ಹತ್ತಾದರೆ ನನ್ನ ಕಣ್ಣಳತೆಯಲ್ಲಿ ಸಂಭಾಳಿಸಬಹುದು, ಹದಿನಾರು ಆಗುವುದಿಲ್ಲ. ಅವತ್ತೇ ಕಂಟ್ರೋಲರ್‌ನಲ್ಲಿ ಲೋಡ್‌ಗೆ ಅಂತ ಬೇರೆ ಮೋಡ್ ಮಾಡಿ ವೇಗವನ್ನು 20ಕ್ಕೆ ಕಟ್ಟಿದೆ. ಮೋಟಾರ್‌ಗೆ ಕಟ್ಟಿದ ವೇಗ ಇಳಿಜಾರಿಗೆ ಲೆಕ್ಕವಿಲ್ಲ, ಅಲ್ಲಿ 20 ದಾಟದ ಹಾಗೆ ಹಿಡಿಯುವ ಕೆಲಸ ಈಗಲೂ ನನ್ನ ಬೆರಳುಗಳದ್ದೇ.