ಕಂಪ್ರೆಸರ್ ಕೆಟ್ಟಿರಲಿಲ್ಲ, ಲೆಕ್ಕ ಕೆಟ್ಟಿತ್ತು

ನಮ್ಮ ಮೆಂಟೆನೆನ್ಸ್ ಸಾಫ್ಟ್‌ವೇರ್ ಪ್ರಕಾರ ಗಾಳಿ ಒತ್ತುವ ಸ್ಕ್ರೂ ಕಂಪ್ರೆಸರ್‌ನ ಎಂಟಿಬಿಎಫ್, ಅಂದರೆ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಓಟ, ಬರೀ 55 ಗಂಟೆ. ಹೊಸ ಮೆಷಿನ್ ಕೊಳ್ಳುವ ಮಾತೂ ಶುರುವಾಗಿತ್ತು. ನನಗೆ ಮಾತ್ರ ಅನುಮಾನ. ದಿನಾ ಅದರ ಪಕ್ಕದಲ್ಲೇ ಓಡಾಡುವವನು ನಾನು, ಅಲ್ವಾ?

ಆ ತಿಂಗಳ 13 ವರ್ಕ್ ಆರ್ಡರ್, ಅಂದರೆ ಮೆಷಿನ್ ಮೇಲೆ ಮಾಡಿದ ಕೆಲಸದ ದಾಖಲೆ, ಒಂದೊಂದಾಗಿ ತೆಗೆದು ನೋಡಿದೆ. ಹತ್ತು ಸುಮ್ನೆ ಫಿಲ್ಟರ್ ಸ್ವಚ್ಛತೆ, ಆಯಿಲ್ ಚೆಕ್. ನಿಜವಾಗಿ ನಿಂತಿದ್ದು ಮೂರೇ ಸಲ. ಸಾಫ್ಟ್‌ವೇರ್ ಎಲ್ಲವನ್ನೂ ಬ್ರೇಕ್‌ಡೌನ್ ಅಂತ ಎಣಿಸಿ, ಕ್ಯಾಲೆಂಡರಿನ 720 ಗಂಟೆಯನ್ನು 13ರಿಂದ ಭಾಗಿಸಿತ್ತು. ನಮ್ಮದು ಎರಡೇ ಶಿಫ್ಟ್, ಅವರ್ ಮೀಟರ್‌ನಲ್ಲಿ ಓಡಿದ್ದು 405 ಗಂಟೆ. ಮೂರರಿಂದ ಭಾಗಿಸಿದರೆ 135.

ರಿಪೇರಿ ಸಮಯದ್ದು ಇನ್ನೂ ತಮಾಷೆ. ಮಂಗಳವಾರ 10:20ಕ್ಕೆ ಹೋಸ್ ಒಡೆದಿತ್ತು, 11:40ಕ್ಕೆ ಮೆಷಿನ್ ಓಡುತ್ತಿತ್ತು. ವರ್ಕ್ ಆರ್ಡರ್ ಮುಚ್ಚಿದ್ದು ಮಾತ್ರ ಶನಿವಾರ ಸಂಜೆ! ನಾಲ್ಕು ದಿನದ ರಿಪೇರಿ ಅಂತ ದಾಖಲಾಗಿತ್ತು.

ಈಗ ಬ್ರೇಕ್‌ಡೌನ್‌ಗೆ ಬೇರೆ ಕೋಡ್ ಇದೆ. ‘ನಿಂತ ಹೊತ್ತು’, ‘ಮತ್ತೆ ಓಡಿದ ಹೊತ್ತು’ ತುಂಬದೆ ಆರ್ಡರ್ ಮುಚ್ಚಲು ಬರುವುದಿಲ್ಲ. ಅವರ್ ಮೀಟರ್ ರೀಡಿಂಗ್ ಪ್ರತಿ ಸೋಮವಾರ. ಹುಡುಗರು ಮೊದಲ ವಾರ ಗೊಣಗಿದರು. ಹೊಸ ಕಂಪ್ರೆಸರ್ ಕೊಟೇಶನ್ ಇನ್ನೂ ನನ್ನ ಡ್ರಾಯರ್‌ನಲ್ಲೇ ಇದೆ.