ಒಬ್ಬರನ್ನೊಬ್ಬರು ಪ್ರೀತಿಸುವ ಅಭ್ಯಾಸ: ಕೊಡಗಿನ ಕ್ರೈಸ್ತ ಸಭೆಗಳಿಗೆ ಕೆಲವು ಸೂಚನೆಗಳು

ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಆಜ್ಞೆಯನ್ನು ಯೇಸು ಕೊಟ್ಟದ್ದು ತಾನೇ ಬಗ್ಗಿ ಶಿಷ್ಯರ ಕಾಲು ತೊಳೆದ ರಾತ್ರಿಯಲ್ಲಿ (ಯೋಹಾನ 13:34). ಅದೇ ಊಟದ ಸಂದರ್ಭದಲ್ಲಿ ತಮ್ಮಲ್ಲಿ ದೊಡ್ಡವನು ಯಾರೆಂದು ಶಿಷ್ಯರು ವಾದಿಸಿದರೆಂದು ಲೂಕನು ಬರೆಯುತ್ತಾನೆ. ಪರಸ್ಪರ ಹೊಂದಿಕೊಂಡು ಬಾಳುತ್ತಿದ್ದವರಿಗೆ ಸಿಕ್ಕ ಮೆಚ್ಚುಗೆಯ ಮಾತು ಇದಲ್ಲ. ಹೊಂದಿಕೆಯಿಲ್ಲದವರಿಗೆ ವಿಧಿಸಿದ ಕೆಲಸ. ಮನಸ್ಸಿನಲ್ಲಿ ಅಕ್ಕರೆ ಹುಟ್ಟಲಿ, ಆಮೇಲೆ ನೋಡೋಣ ಎಂದು ಕಾಯುವವರು ಕಾಯುತ್ತಲೇ ಉಳಿಯುತ್ತಾರೆ. ಮೊದಲು ಕೈ ಕಾಲುಗಳು ಆ ಕೆಲಸಕ್ಕೆ ಇಳಿಯಬೇಕು. ಅಕ್ಕರೆ ಹೆಚ್ಚಿನ ಸಲ ಅದರ ಹಿಂದೆ ಬರುತ್ತದೆ. ಹೇಗೆ ಇಳಿಯಬೇಕೆಂಬುದನ್ನು ಕೊಡಗಿನಲ್ಲಿ ನಾವು ಬಾಳುವ ರೀತಿಗೆ ಹೊಂದಿಸಿ ಹೇಳುವುದೇ ಈ ಬರಹದ ಉದ್ದೇಶ.

ಮೊದಲ ಕೆಲಸ, ಯಾರನ್ನು ಪ್ರೀತಿಸಬೇಕು ಎಂಬುದನ್ನು ಹೆಸರು ಸಮೇತ ತಿಳಿದುಕೊಳ್ಳುವುದು. ನಮ್ಮ ಜಿಲ್ಲೆಯ ಒಂದೇ ದೇವಾಲಯದಲ್ಲಿ ಮನೆಯಲ್ಲಿ ಕೊಂಕಣಿ ಆಡುವವರು, ಮಲಯಾಳ ಆಡುವವರು, ತಮಿಳು ಆಡುವವರು ಕನ್ನಡದಲ್ಲಿ ಒಟ್ಟಿಗೆ ಪ್ರಾರ್ಥಿಸುತ್ತಾರೆ. ತೋಟದ ಮಾಲೀಕರೂ ಲೈನ್ ಮನೆಯಲ್ಲಿ, ಅಂದರೆ ತೋಟದ ಸಾಲುಮನೆಯಲ್ಲಿ, ಇರುವ ಕಾರ್ಮಿಕರೂ ಒಂದೇ ಪರಮಪ್ರಸಾದ ಸ್ವೀಕರಿಸುತ್ತಾರೆ. ಆದರೆ ಪೂಜೆ ಮುಗಿದು ಅಂಗಳಕ್ಕೆ ಬಂದೊಡನೆ ಭಾಷೆಗೊಂದು, ಅಂತಸ್ತಿಗೊಂದು ಗುಂಪಾಗುತ್ತದೆ. ಮುಂದಿನ ಕೆಲವು ಭಾನುವಾರ ನಿಮ್ಮ ಗುಂಪನ್ನು ಬಿಟ್ಟು ಇನ್ನೊಂದು ಗುಂಪಿನ ಬಳಿಗೆ ಹೋಗಿ ನಿಲ್ಲಿರಿ. ಹೆಸರು ಕೇಳಿರಿ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ಕೇಳಿರಿ, ಮನೆಗೆ ಹೋದ ಮೇಲೆ ಮರೆಯದಂತೆ ಬರೆದಿಟ್ಟುಕೊಳ್ಳಿರಿ. ಇದರ ಜೊತೆಗೆ, ಮೊದಲು ಬರುತ್ತಿದ್ದು ಈಗ ಬಾರದವರ ಹೆಸರುಗಳನ್ನೂ ಬರೆಯಿರಿ. ಬಂದವರನ್ನು ನೋಡಿ ಸಂತೋಷಪಡುವುದು ಸುಲಭ. ಬಾರದವರನ್ನು ಗಮನಿಸಲು ಪ್ರಯತ್ನ ಬೇಕು.

ಎರಡನೆಯದು ಕೂಲಿಯ ವಿಷಯ. ಇದನ್ನು ಪ್ರೀತಿಯ ಕುರಿತ ಬರಹದಲ್ಲಿ ಏಕೆ ತರಬೇಕೆಂದು ಕೆಲವರು ಕೇಳಬಹುದು. ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಯಾಕೋಬನ ಪತ್ರದ ಐದನೆಯ ಅಧ್ಯಾಯ ಹೇಳುತ್ತದೆ; ಬಡ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕುಯ್ಲು, ಅದರ ಬೆನ್ನಿಗೆ ಕರಿಮೆಣಸಿನ ಕುಯ್ಲು ನಡೆಯುವ ಈ ನಾಡಿನಲ್ಲಿ ಆ ಮಾತುಗಳಿಗೆ ವ್ಯಾಖ್ಯಾನವೇ ಬೇಕಾಗಿಲ್ಲ. ನೀವು ಆಳುಗಳನ್ನಿಟ್ಟು ಕೆಲಸ ಮಾಡಿಸುವವರಾದರೆ, ಮೇಸ್ತ್ರಿಯ ಮೂಲಕ ಕೊಟ್ಟ ಹಣ ಪ್ರತಿಯೊಬ್ಬರ ಕೈಗೂ ಪೂರ್ತಿಯಾಗಿ ಸೇರಿತೇ ಎಂದು ನೀವೇ ವಿಚಾರಿಸಿರಿ. ಸಂತೆಯ ದಿನಕ್ಕೆ ಮುಂಚೆಯೇ ಬಟವಾಡೆ ಮಾಡಿರಿ. ಮುಂಗಡ ಕೊಟ್ಟಿದ್ದರೆ ಎಷ್ಟು ಕೊಟ್ಟಿರಿ, ಎಷ್ಟು ವಜಾ ಆಯಿತು ಎಂಬುದನ್ನು ಕೆಲಸಗಾರನಿಗೂ ಒಂದು ಪುಸ್ತಕದಲ್ಲಿ ಬರೆದುಕೊಟ್ಟು, ಓದಲು ಬಾರದಿದ್ದರೆ ಅವನು ನಂಬುವ ಇನ್ನೊಬ್ಬರಿಂದ ಓದಿಸಿರಿ. ತೀರದ ಮುಂಗಡದಲ್ಲಿ ಒಂದು ಕುಟುಂಬವನ್ನು ವರ್ಷಾನುಗಟ್ಟಲೆ ಕಟ್ಟಿಹಾಕಿಕೊಂಡು, ಭಾನುವಾರ ಅದೇ ಕುಟುಂಬಕ್ಕೆ ಶಾಂತಿಯನ್ನು ಹಾರೈಸುವುದು ನನ್ನ ದೃಷ್ಟಿಯಲ್ಲಿ ಆರಾಧನೆಯನ್ನೇ ಸುಳ್ಳು ಮಾಡುವ ಕೆಲಸ. ಲೈನ್ ಮನೆಯ ಸೂರು, ಕುಡಿಯುವ ನೀರು, ಶೌಚಾಲಯ ಇವನ್ನು ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿಯೇ ಸರಿಪಡಿಸಿರಿ. ಕೆಲಸ ಮಾಡುವವರು ನೀವಾಗಿದ್ದರೆ, ಜೊತೆಯಲ್ಲಿ ಕುಯ್ಯುವವರ ಚೀಲದ ತೂಕದಲ್ಲಿ ಮೋಸವಾದಾಗ ಅವರ ಪಕ್ಕ ನಿಂತು ಮಾತಾಡುವುದು ನಿಮ್ಮ ಪಾಲಿನ ಪ್ರೀತಿ.

ಇನ್ನು ಜಗಳಗಳು. ಬೇಲಿ, ತೋಡಿನ ನೀರು, ತೋಟಕ್ಕೆ ಹೋಗುವ ದಾರಿ, ತಂದೆಯ ಆಸ್ತಿಯ ಪಾಲು, ಇವುಗಳಿಂದಾಗಿ ಒಂದೇ ಸಭೆಯೊಳಗೆ ಮಾತು ಬಿಟ್ಟಿರುವ ಅಣ್ಣತಮ್ಮಂದಿರು ಎಷ್ಟೋ ಜನ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನ ಸಂಗಡ ಒಂದಾಗು ಎಂದು ಮತ್ತಾಯ 5:23-24 ಹೇಳುವಾಗ, ತಪ್ಪು ಯಾರದೆಂಬ ವಿಚಾರಣೆಗೆ ಅಲ್ಲಿ ಅವಕಾಶವೇ ಇಲ್ಲ. ನಿನ್ನ ಮೇಲೆ ಅವನಿಗೆ ಏನೋ ಇದೆಯೆಂದು ನೆನಪಾದರೆ ಸಾಕು, ಎದ್ದು ಹೋಗಬೇಕಾದವನು ನೀನೇ. ಹೋಗುವಾಗ ಒಬ್ಬರೇ ಹೋಗಿರಿ. ಬೆಳಗಿನ ಹೊತ್ತಿನಲ್ಲಿ, ಇಬ್ಬರೂ ದಣಿಯದಿರುವಾಗ, ಕುಡಿದಿರದಿರುವಾಗ ಹೋಗಿರಿ. ಹಳೆಯ ಲೆಕ್ಕವನ್ನು ಮೊದಲಿನಿಂದ ಒಪ್ಪಿಸಬೇಡಿರಿ. "ಅಣ್ಣಾ, ನಾನು ಅವತ್ತು ಎಲ್ಲರ ಎದುರಿಗೆ ಹಾಗೆ ಮಾತಾಡಬಾರದಿತ್ತು, ಕ್ಷಮಿಸಿ. ದಾರಿಯ ವಿಷಯ ಸರ್ವೇಯಲ್ಲಿ ಏನು ಬರುತ್ತದೋ ಅದಕ್ಕೆ ನಾನು ಬದ್ಧ," ಎಂಬಂಥ ಎರಡೇ ವಾಕ್ಯಗಳು ಸಾಕು. ಇಲ್ಲಿ ಕ್ಷಮೆಯ ಮಾತು ಬೇರೆ, ಜಾಗದ ಇತ್ಯರ್ಥ ಬೇರೆ ಎಂಬುದನ್ನು ಗಮನಿಸಿರಿ. ಗಡಿಯ ಪ್ರಶ್ನೆಯನ್ನು ಸರ್ವೇಯರು ಬಗೆಹರಿಸಲಿ. ಅದಕ್ಕಾಗಿ ವರ್ಷಗಟ್ಟಲೆ ಮುಖ ತಿರುಗಿಸಿ ನಡೆಯಬೇಕಾಗಿಲ್ಲ. ಅವರು ಬಾಗಿಲು ತೆರೆಯದಿದ್ದರೆ, ಮತ್ತಾಯ 18ರಲ್ಲಿ ಹೇಳಿರುವಂತೆ ಒಬ್ಬಿಬ್ಬರನ್ನು ಕರೆದುಕೊಂಡು ಮತ್ತೆ ಹೋಗಿರಿ. ಆ ಒಬ್ಬಿಬ್ಬರು ನಿಮ್ಮ ಪಕ್ಷದವರಾಗಿರದೆ, ಅವರಿಗೂ ಬೇಕಾದವರಾಗಿರಲಿ.

ಈ ಸೂಚನೆಗೆ ಒಂದು ಗಟ್ಟಿಯಾದ ಮಿತಿಯಿದೆ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಕ್ಷಮಿಸಿ ಹೊಂದಿಕೊಂಡು ಹೋಗಮ್ಮ" ಎಂದು ಹೇಳುವುದು ಪ್ರೀತಿಯಲ್ಲ. ಅವಳಿಗೂ ಮಕ್ಕಳಿಗೂ ಮೊದಲು ಸುರಕ್ಷಿತ ಜಾಗ ಒದಗಿಸಿ, 181 ಮಹಿಳಾ ಸಹಾಯವಾಣಿಗೆ ಅಥವಾ 112ಕ್ಕೆ ಕರೆ ಮಾಡಲು ಜೊತೆಯಲ್ಲಿ ನಿಲ್ಲಿರಿ. ಮಗುವಿಗೆ ತೊಂದರೆಯಾಗುತ್ತಿದ್ದರೆ 1098 ಇದೆ. ಸಭೆಯ ಮರ್ಯಾದೆ ಹೋಗುತ್ತದೆಂಬ ಕಾರಣಕ್ಕೆ ಇದನ್ನು ಮುಚ್ಚಿಡುವವರು ಯಾರ ಮರ್ಯಾದೆಯನ್ನು ಕಾಯುತ್ತಿದ್ದಾರೆಂದು ಯೋಚಿಸಬೇಕು.

ರೋಗಿಗಳನ್ನೂ ವಯಸ್ಸಾದವರನ್ನೂ ನೋಡಲು ಹೋಗುವ ವಾಡಿಕೆ ನಮ್ಮಲ್ಲಿ ಇದೆ. ಅದನ್ನು ಮಳೆಗಾಲದಲ್ಲಿಯೂ ಬಿಡಬಾರದು. ಕರೆಂಟು ಹೋಗಿ, ಫೋನ್ ಸಿಗದೆ, ರಸ್ತೆ ಕೆಟ್ಟಾಗಲೇ ಒಂಟಿಯಾಗಿರುವವರಿಗೆ ಜನ ಬೇಕು. ಆನೆ ಓಡಾಡುವ ಕಡೆಗಳಲ್ಲಿ ಭೇಟಿಯನ್ನೂ ಕುಟುಂಬ ಪ್ರಾರ್ಥನೆಯನ್ನೂ ಹಗಲಿನಲ್ಲಿಯೇ ಇಟ್ಟುಕೊಂಡು, ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರುವಂತೆ ನೋಡಿಕೊಳ್ಳಿರಿ. ಹೋದಾಗ ಹಣ್ಣಿಗಿಂತ ಕಟ್ಟಿಗೆ, ಟಾರ್ಚಿನ ಸೆಲ್ಲು, ತಿಂಗಳ ಮಾತ್ರೆ ಹೆಚ್ಚು ಉಪಯೋಗಕ್ಕೆ ಬರಬಹುದು. ಏನು ಬೇಕೆಂದು ಮೊದಲೇ ಕೇಳಿರಿ. ಇದು ದೇವರ ಚಿತ್ತ ಎಂಬ ಮಾತನ್ನು ನೋವಿನಲ್ಲಿರುವವರ ಮುಂದೆ ಆಡಬೇಡಿರಿ. ಅಳುವವರ ಸಂಗಡ ಅಳಿರಿ ಎಂದಷ್ಟೇ ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ಅಳುವವರಿಗೆ ವಿವರಣೆ ಕೊಡಿರಿ ಎಂದಿಲ್ಲ. ವಾಹನವಿದ್ದವರು ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸರದಿಯಲ್ಲಿ ಜೊತೆಗೆ ಕೂತು, ವಾಪಸು ಮನೆಗೆ ಬಿಟ್ಟರೆ ಅದು ಉದ್ದನೆಯ ಪ್ರಾರ್ಥನೆಗೆ ಕಡಿಮೆಯಲ್ಲ.

ಸಹಾಯವನ್ನು ಹೇಗೆ ಕೊಡಬೇಕೆಂಬುದೂ ಮುಖ್ಯ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಗುಡ್ಡ ಕುಸಿದಾಗ ನಾಡಿನ ಎಲ್ಲೆಡೆಯಿಂದ ಅಕ್ಕಿ, ಕಂಬಳಿ, ಬಟ್ಟೆ ಬಂದವು. ಇಂಥ ದುರಂತದಲ್ಲಿ ಮೊದಲ ದಿನಗಳಿಗೆ ಜನರ ಕೊರತೆಯಿರುವುದಿಲ್ಲ. ಶಿಬಿರ ಮುಚ್ಚಿದ ಮೇಲೆ ಪಡಿತರ ಚೀಟಿ, ಪಾಸ್‌ಬುಕ್ಕು, ಜಾಗದ ದಾಖಲೆಗಳಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವಾಗ ಜೊತೆಗೆ ಬರುವವರು ಬೇಕು. ಸಭೆಯ ಪ್ರೀತಿ ಆ ಎರಡನೆಯ ಹಂತಕ್ಕೆ ಉಳಿದಿರಲಿ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದ ಗುರುವಿನ ಶಿಷ್ಯರು, ಅಕ್ಕಿ ಚೀಲ ತೆಗೆದುಕೊಳ್ಳುವವರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಬಾರದು.

ಸಹಾಯವನ್ನು ನಮ್ಮವರಿಗೆ ಮಾತ್ರ ಸೀಮಿತಗೊಳಿಸುವವರು ವಿರಾಜಪೇಟೆಯ ಇತಿಹಾಸವನ್ನು ನೆನೆಯಬೇಕು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತ ಕುಟುಂಬಗಳಿಗೆ ಆಶ್ರಯ ಕೊಟ್ಟವನು, ತಾನು ಕಟ್ಟಿಸಿದ ಆ ಪೇಟೆಯಲ್ಲಿ ಸಂತ ಅನ್ನಮ್ಮನ ದೇವಾಲಯಕ್ಕೆ ಜಾಗ ಕೊಟ್ಟವನು ಲಿಂಗಾಯತ ದೊರೆ ದೊಡ್ಡ ವೀರರಾಜೇಂದ್ರ. ನಿಮ್ಮ ಧರ್ಮ ಬಿಟ್ಟು ಬನ್ನಿ ಎಂದು ಅವನು ಷರತ್ತು ಹಾಕಲಿಲ್ಲ. ಆ ಆಶ್ರಯದ ನೆರಳಿನಲ್ಲಿ ಬೆಳೆದ ನಾವು ನೆರೆಮನೆಯ ಕೊಡವರಿಗೆ, ಮಾಪಿಳ್ಳೆ ಮುಸ್ಲಿಮರಿಗೆ, ಯರವ ಬುಡಕಟ್ಟಿನವರಿಗೆ, ಅಸ್ಸಾಮಿನಿಂದ ಕುಯ್ಲಿಗೆ ಬಂದವರಿಗೆ ಮಾಡುವ ಉಪಕಾರದ ಹಿಂದೆಯೂ ಯಾವ ಷರತ್ತೂ ಇರಕೂಡದು, ಚರ್ಚಿಗೆ ಬನ್ನಿ ಎಂಬ ಸೂಚನೆಯೂ ಸೇರಿದಂತೆ.

ಕೊನೆಯದಾಗಿ, ಇವೆಲ್ಲ ಒಬ್ಬಿಬ್ಬರ ಒಳ್ಳೆಯತನದ ಮೇಲೆ ನಿಲ್ಲದಂತೆ ಸಭೆಯಲ್ಲಿಯೇ ವ್ಯವಸ್ಥೆ ಮಾಡಬೇಕು. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅಲಕ್ಷ್ಯವಾಯಿತೆಂಬ ದೂರು ಬಂದಾಗ, ಅಪೊಸ್ತಲರು ಅದನ್ನು ಗೊಣಗಾಟವೆಂದು ತಳ್ಳಿಹಾಕಲಿಲ್ಲ; ಏಳು ಜನರನ್ನು ಆರಿಸಿಕೊಳ್ಳಿರಿ ಎಂದರು. ಸ್ತೆಫನ, ಫಿಲಿಪ್ಪ, ನಿಕೋಲಾಯ ಎಂದು ಸಾಗುವ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಹಂಚುವ ಅಧಿಕಾರ ದೂರು ಕೊಟ್ಟವರ ಕಡೆಯವರಿಗೇ ಹೋಯಿತೆಂದು ಇದರಿಂದ ತೋರುತ್ತದೆ. ನಿಮ್ಮ ಸಭೆಯಲ್ಲಿ ಬಡವರ ನಿಧಿಯನ್ನು ನೋಡಿಕೊಳ್ಳಲು ಮೂರು ಜನರ ಸಮಿತಿ ಮಾಡುವುದಾದರೆ, ಅವರಲ್ಲಿ ಇಬ್ಬರಾದರೂ ಲೈನ್ ಮನೆಯಿಂದ ಬರುವವರಾಗಿರಲಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ, ಮತ್ತು ಪೆಟ್ಟಿಗೆಯ ಬೀಗದ ಕೈ ಅವರ ಬಳಿಯಲ್ಲಿಯೇ ಇರಲಿ.