ಕರಿದ ಎಣ್ಣೆಯಿಂದ ಶಾಲೆ ಬೆಚ್ಚಗಾಗುತ್ತಾ? ಪ್ರಯೋಗ ಮಾಡುವುದು ಹೀಗೆ

ಸೀಮೆಎಣ್ಣೆ ಅಂದರೆ ನಮಗೆ ರೇಷನ್ ಅಂಗಡಿಯ ಕ್ಯೂ ನೆನಪಾಗುತ್ತದೆ. ಬ್ರಿಟನ್ನಿನ ಎಷ್ಟೋ ಹಳ್ಳಿಗಳಲ್ಲಿ ಚಳಿಗಾಲ ಕಳೆಯುವುದೇ ಸೀಮೆಎಣ್ಣೆಯಿಂದ. ಗ್ಯಾಸ್ ಪೈಪು ಹೋಗದ ಊರುಗಳಲ್ಲಿ ಶಾಲೆ, ಚರ್ಚು, ಸಮುದಾಯ ಭವನಗಳ ಹಿತ್ತಲಲ್ಲಿ ಒಂದು ಟ್ಯಾಂಕ್ ಇರುತ್ತದೆ. ಅದರಲ್ಲಿರುವ ಎಣ್ಣೆ ಬಾಯ್ಲರ್‌ನಲ್ಲಿ ಉರಿದು ನೀರು ಕಾಯಿಸುತ್ತದೆ. ಆ ಬಿಸಿನೀರು ಕೋಣೆಗಳ ರೇಡಿಯೇಟರ್‌ಗಳಲ್ಲಿ ಸುತ್ತುತ್ತದೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕೆಹೆಲ್ಯಾಂಡ್ ಎಂಬ ಹಳ್ಳಿಯಲ್ಲಿ ಶಾಲೆ, ಚರ್ಚು ಮತ್ತು ಹಲವು ಮನೆಗಳ ಬಾಯ್ಲರ್‌ಗಳಿಗೆ ಸೀಮೆಎಣ್ಣೆಯ ಬದಲು ಎಚ್‌ವಿಒ ಹಾಕಿ ನೋಡಿದರು. ಸಸ್ಯದ ಎಣ್ಣೆ ಅಥವಾ ಕರಿದು ಉಳಿದ ಎಣ್ಣೆಗೆ ಬಿಸಿ ಮತ್ತು ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿದರೆ ಸಿಗುವ ಇಂಧನ ಇದು. ನೀರಿನಷ್ಟು ತಿಳಿ, ವಾಸನೆಯೂ ಹೆಚ್ಚಿಲ್ಲ. ಬಯೋಡೀಸೆಲ್ ಬೇರೆ, ಇದು ಬೇರೆ. ಬಯೋಡೀಸೆಲ್ ನೀರು ಹೀರುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಎಚ್‌ವಿಒಗೆ ಆ ರಗಳೆ ಇಲ್ಲ.

ಬ್ರಿಟನ್ನಿನಲ್ಲಿ ಮಕ್ಕಳ ಶಾಲೆಯ ಆಡಳಿತ ಸಮಿತಿಯಲ್ಲಿರುವ ಕನ್ನಡಿಗರಿಗೆ ನಾಳೆ ಈ ಪ್ರಸ್ತಾಪ ಎದುರಾಗಬಹುದು. ಆಗ ಏನೇನು ನೋಡಬೇಕು?

ಮೊದಲು ಬಾಯ್ಲರ್ ನೋಡಿ

ಪಂಪಿನ ಒತ್ತಡದಲ್ಲಿ ಸಣ್ಣ ನಾಜಲ್‌ನಿಂದ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುವ ಬಾಯ್ಲರ್ ಆದರೆ ಸರಿ. ಎಣ್ಣೆಯನ್ನು ಆವಿ ಮಾಡಿ ಉರಿಸುವ ಹಳೇ ಬಗೆಯದಾದರೆ ಪ್ರಯೋಗಕ್ಕೆ ಬೇಡ, ಬೇರೆ ಕಟ್ಟಡ ಹುಡುಕಿ.

ಬದಲಿಸುವ ಮುಂಚೆಯೇ ಲೆಕ್ಕ ಶುರು ಮಾಡಿ

ಹೆಚ್ಚಿನ ಕಡೆ ಎಡವುವುದು ಇಲ್ಲೇ. ಹೊಸ ಎಣ್ಣೆ ಬಂದ ದಿನದಿಂದ ಲೆಕ್ಕ ಬರೆದರೆ ಹೋಲಿಸಲು ಏನೂ ಇರುವುದಿಲ್ಲ. ಹಿಂದಿನ ಒಂದೆರಡು ಚಳಿಗಾಲದ ಬಿಲ್ಲುಗಳನ್ನು ತೆಗೆದಿಡಿ. ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದರೆ ಸಾಲದು, ಬಾಯ್ಲರ್‌ಗೆ ಹೋಗುವ ಪೈಪಿಗೆ ಎಣ್ಣೆ ಮೀಟರ್ ಹಾಕಿಸಿ. ಸಾಧ್ಯವಾದರೆ ಒಂದು ಚಳಿಗಾಲ ಸೀಮೆಎಣ್ಣೆಯಲ್ಲೇ ಅಳೆದು, ಮುಂದಿನದಕ್ಕೆ ಬದಲಿಸಿ.

ಇನ್ನೊಂದು ವಿಷಯ, ಚಳಿ ಪ್ರತಿವರ್ಷ ಒಂದೇ ಸಮ ಇರುವುದಿಲ್ಲ. ಅದಕ್ಕೇ ‘ಡಿಗ್ರಿ ಡೇ’ ಲೆಕ್ಕ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 15.5 ಡಿಗ್ರಿಯನ್ನು ಗೆರೆಯಾಗಿ ಇಟ್ಟುಕೊಂಡು, ಹೊರಗಿನ ಉಷ್ಣಾಂಶ ಅದಕ್ಕಿಂತ ಎಷ್ಟು ಕೆಳಗಿದೆ ಎಂದು ದಿನದಿನವೂ ಎಣಿಸುತ್ತಾರೆ. ದಿನದ ಸರಾಸರಿ ಉಷ್ಣಾಂಶ 5.5 ಇದ್ದರೆ ಆ ದಿನದ್ದು 10 ಡಿಗ್ರಿ ಡೇ. ಒಂದು ತಿಂಗಳಲ್ಲಿ 300 ಡಿಗ್ರಿ ಡೇಗೆ 900 ಲೀಟರ್ ಸೀಮೆಎಣ್ಣೆ ಖರ್ಚಾಯಿತು ಅನ್ನಿ. ಅಂದರೆ ಒಂದಕ್ಕೆ 3 ಲೀಟರ್. ಮರುವರ್ಷ 250 ಡಿಗ್ರಿ ಡೇಗೆ 775 ಲೀಟರ್ ಎಚ್‌ವಿಒ ಆದರೆ? ಬಿಲ್ಲು ಇಳಿಯಿತು ಅಂತ ಖುಷಿಪಡುವ ಹಾಗಿಲ್ಲ. ಒಂದಕ್ಕೆ 3.1 ಲೀಟರ್, ಸ್ವಲ್ಪ ಜಾಸ್ತಿಯೇ ಸುಟ್ಟಿದೆ. ಎಚ್‌ವಿಒ ಸೀಮೆಎಣ್ಣೆಗಿಂತ ತುಸು ಹಗುರ, ಲೀಟರಿಗೆ ಸಿಗುವ ಶಾಖವೂ ತುಸು ಕಡಿಮೆ. ಈ ಸಣ್ಣ ವ್ಯತ್ಯಾಸಕ್ಕೆ ಗಾಬರಿ ಬೇಡ.

ಟ್ಯಾಂಕ್ ಮತ್ತು ಬರ್ನರ್

ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ನೀರು, ಗಸಿ ತೆಗೆಸಿ. ಎರಡೂ ಎಣ್ಣೆ ಬೆರೆತರೆ ಅಪಾಯವಿಲ್ಲ, ಆದರೆ ಪ್ರಯೋಗದ ಲೆಕ್ಕ ಕೆಡುತ್ತದೆ. ಹಳೇ ರಬ್ಬರ್ ಸೀಲ್‌ಗಳು ಸೀಮೆಎಣ್ಣೆ ಕುಡಿದು ಉಬ್ಬಿರುತ್ತವೆ. ಎಚ್‌ವಿಒ ತಾಗಿದಾಗ ಕುಗ್ಗಿ ಸೋರಬಹುದು, ಹೊಸದು ಹಾಕಿಸುವುದೇ ಲೇಸು. ಬಳುಕುವ ಎಣ್ಣೆ ಪೈಪನ್ನೂ ಅದೇ ಕೈಯಲ್ಲಿ ಬದಲಿಸಿ.

ಆಮೇಲಿನದು ನೋಂದಾಯಿತ ತಂತ್ರಜ್ಞರ ಕೆಲಸ. ನಾಜಲ್ ಬದಲಿಸಿ, ಪಂಪಿನ ಒತ್ತಡ ಮತ್ತು ಗಾಳಿಯನ್ನು ಹೊಂದಿಸುತ್ತಾರೆ. ಉರಿ ಇದೆಯೋ ಇಲ್ಲವೋ ಎಂದು ನೋಡುವ ಸೆನ್ಸರ್ ಹೊಸ ಜ್ವಾಲೆಯನ್ನು ಗುರುತಿಸುತ್ತಿದೆಯೇ ಎಂದೂ ಪರೀಕ್ಷಿಸಬೇಕು. ಚಿಮಣಿಯ ಹೊಗೆ ಅಳೆಯುವ ಯಂತ್ರದಲ್ಲಿ ಇಂಧನದ ಸೆಟ್ಟಿಂಗ್ ಬದಲಿಸಿದ್ದಾರಾ ಅಂತ ಕೇಳಿ. ಸೀಮೆಎಣ್ಣೆಯ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ದಕ್ಷತೆಯ ಅಂಕಿ ತಪ್ಪು ಬರುತ್ತದೆ. ಕೊನೆಗೆ, ಚಳಿ ಹೊಡೆಯುವ ಒಂದು ಬೆಳಗ್ಗೆ ತಣ್ಣಗಿರುವ ಬಾಯ್ಲರ್ ಚಾಲೂ ಮಾಡಿಸಿ. ಮಧ್ಯಾಹ್ನದ ಬಿಸಿಲಲ್ಲಿ ಹೊತ್ತಿಕೊಂಡಿತು ಅಂದರೆ ಅದೇನು ಪರೀಕ್ಷೆ?

ಎಣ್ಣೆ ಎಲ್ಲಿಂದ ಬಂತು?

ಬಿಲ್ಲಿನಲ್ಲಿ ಇಎನ್ 15940 ಎಂಬ ಗುಣಮಟ್ಟದ ಸಂಖ್ಯೆ ಇರಲಿ. ಜೊತೆಗೆ ಮೂಲದ ಪ್ರಮಾಣಪತ್ರ ಕೇಳಿ. ಕಾಡು ಕಡಿದು ಬೆಳೆದ ತಾಳೆಯ ಎಣ್ಣೆಯಾದರೆ ಇಡೀ ಪ್ರಯೋಗಕ್ಕೆ ಅರ್ಥವೇ ಇಲ್ಲ. ಕರಿದ ಎಣ್ಣೆಯ ಹೆಸರಿನಲ್ಲಿ ಹೊಸ ಎಣ್ಣೆ ಮಾರುತ್ತಾರೆಂಬ ಅನುಮಾನ ಯುರೋಪಿನಲ್ಲಿ ಬಲವಾಗಿದೆ, ಹಾಗಾಗಿ ಸುಮ್ನೆ ಬಾಯಿಮಾತು ನಂಬಬೇಡಿ. ಬೆಂಗಳೂರಿನ ಹೋಟೆಲಿನ ಬಾಣಲೆಗೂ ಒಂದು ಮಿತಿ ಇದೆ ಗೊತ್ತಾ? ಮತ್ತೆ ಮತ್ತೆ ಕಾದ ಎಣ್ಣೆ ಕೆಟ್ಟು ಹುಟ್ಟುವ ‘ಪೋಲಾರ್’ ಅಂಶ ಶೇ 25 ದಾಟಿದರೆ ಮತ್ತೆ ಅಡುಗೆಗೆ ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಇಂಧನಕ್ಕೆ ತಿರುಗಿಸುವ ಯೋಜನೆಯೂ ಇದೆ.

ವರದಿಯಲ್ಲಿ ಏನು ಬರೆಯುವುದು?

‘ಇಂಗಾಲ ಶೇ 90ರವರೆಗೆ ಕಡಿಮೆ’ ಎಂದು ಮಾರುವವರು ಹೇಳುತ್ತಾರೆ. ಚಿಮಣಿಯಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಮಾತ್ರ ಹೆಚ್ಚುಕಡಿಮೆ ಸೀಮೆಎಣ್ಣೆಯಷ್ಟೇ, ಲೀಟರಿಗೆ ಸುಮಾರು 2.4 ಕೆಜಿ. ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ್ದೇ ವಾಪಸ್ ಹೋಗುತ್ತದೆ ಎಂಬ ಲೆಕ್ಕದ ಮೇಲೆ ಆ ಶೇಕಡಾವಾರು ನಿಂತಿದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬ್ರಿಟನ್ ಸರ್ಕಾರದ ಲೆಕ್ಕದ ಪದ್ಧತಿಯೂ ಇದನ್ನೇ ಕೇಳುತ್ತದೆ.

ಬೆಲೆಯನ್ನೂ ಮುಚ್ಚಿಡಬೇಡಿ. ಎಚ್‌ವಿಒ ಸೀಮೆಎಣ್ಣೆಗಿಂತ ದುಬಾರಿ. ಬಿಸಿ ಮಾಡುವ ದ್ರವ ಇಂಧನದಲ್ಲಿ ನವೀಕರಿಸಬಹುದಾದ ಪಾಲು ಇರಲೇಬೇಕೆಂದು ಪೂರೈಕೆದಾರರಿಗೆ ಕಡ್ಡಾಯ ಮಾಡುವ ಅಧಿಕಾರವನ್ನು 2023ರ ಎನರ್ಜಿ ಕಾಯ್ದೆ ಅಲ್ಲಿನ ಸರ್ಕಾರಕ್ಕೆ ಕೊಟ್ಟಿದೆ. ಅಧಿಕಾರ ಇದೆ ಅಂದಮಾತ್ರಕ್ಕೆ ಈ ವರ್ಷದ ಬಿಲ್ಲು ಇಳಿಯುವುದಿಲ್ಲವಲ್ಲ! ಶಾಲೆಯ ಬಜೆಟ್ಟಿನಲ್ಲಿ ಹೆಚ್ಚುವರಿ ಹಣ ಯಾರು ಕೊಡುತ್ತಾರೆ ಎಂದು ಮೊದಲ ಟ್ಯಾಂಕ್ ತುಂಬಿಸುವ ಮುಂಚೆಯೇ ತೀರ್ಮಾನಿಸಿ. ಹಣ ಸಾಲದೆ ಹಳೇ ಎಣ್ಣೆಗೆ ವಾಪಸ್ ಬರುವುದಾದರೆ ಉಳಿದ ಎಚ್‌ವಿಒ ಮೇಲೆಯೇ ಸೀಮೆಎಣ್ಣೆ ತುಂಬಿಸಬಹುದು. ಬರ್ನರ್ ಹೊಂದಿಸಲು ಮಾತ್ರ ತಂತ್ರಜ್ಞರನ್ನು ಮತ್ತೆ ಕರೆಸಬೇಕು. ಆ ಖರ್ಚನ್ನೂ ಈಗಲೇ ಬರೆದಿಟ್ಟುಕೊಳ್ಳಿ.